ಮ್ಯಾಟ್ಸನ್ ಪರ ವಕೀಲ: ಲಿಂಕನ್ ಸೋತ ಒಂದು ಮೊಕದ್ದಮೆಯ ಅಧ್ಯಯನ

1847ರ ಅಕ್ಟೋಬರ್ 16ರಂದು ಅಮೆರಿಕದ ಇಲಿನಾಯ್ ರಾಜ್ಯದ ಚಾರ್ಲ್ಸ್‌ಟನ್ ಎಂಬ ಸಣ್ಣ ಊರಿನ ಕೋರ್ಟಿನಲ್ಲಿ ಒಂದು ಪ್ರಶ್ನೆ ವಿಚಾರಣೆಗೆ ಬಂತು. ಜೇನ್ ಬ್ರಯಂಟ್ ಎಂಬ ಹೆಂಗಸು ಮತ್ತು ಆಕೆಯ ನಾಲ್ವರು ಮಕ್ಕಳು ಸ್ವತಂತ್ರರೋ, ಅಥವಾ ರಾಬರ್ಟ್ ಮ್ಯಾಟ್ಸನ್ ಎಂಬ ಕೆಂಟಕಿಯ ಜಮೀನ್ದಾರನ ಸೊತ್ತೋ ಎಂಬುದು ಆ ಪ್ರಶ್ನೆ. ತಾಯಿಮಕ್ಕಳ ಪರವಾಗಿ ಇಬ್ಬರು ವಕೀಲರು ನಿಂತಿದ್ದರು, ಮ್ಯಾಟ್ಸನ್ ಪರವಾಗಿಯೂ ಇಬ್ಬರು. ಮ್ಯಾಟ್ಸನ್ ಕಡೆಯ ಇಬ್ಬರಲ್ಲಿ ಒಬ್ಬನ ಹೆಸರು ಅಬ್ರಹಾಂ ಲಿಂಕನ್. ಹದಿನೈದು ವರ್ಷಗಳ ತರುವಾಯ ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಹಾಕಲಿದ್ದ ಅದೇ ಲಿಂಕನ್.

ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು, ಲಿಂಕನ್ ಬೇಕೆಂದೇ ಸಪ್ಪೆಯಾಗಿ ವಾದಿಸಿ ತನ್ನ ಕಕ್ಷಿದಾರನನ್ನು ಸೋಲಿಸಿದ ಎನ್ನುತ್ತಾರೆ. ಇನ್ನು ಕೆಲವರು, ವಕೀಲನಾದವನಿಗೆ ಬಂದ ಕಕ್ಷಿದಾರನೇ ದೇವರು, ಇದರಲ್ಲಿ ತಪ್ಪು ಹುಡುಕುವುದೇ ತಪ್ಪು ಎನ್ನುತ್ತಾರೆ. ಮೊದಲನೆಯದು ಭಕ್ತಿಯ ಮಾತು. ಎರಡನೆಯದು ವಕೀಲರು ಕೂಡುವ ಬಾರ್ ರೂಮಿನ ಮಾತು. ನನಗೆ ಎರಡೂ ಸಾಲವು. ಹತ್ತು ವರ್ಷಗಳ ಹಿಂದೆ ಇಲಿನಾಯ್ ಶಾಸನಸಭೆಯಲ್ಲಿ ಲಿಂಕನ್ ತಾನೇ ಎಳೆದುಕೊಂಡಿದ್ದ ಗೆರೆಯನ್ನು ನೋಡಿದರೆ, ಚಾರ್ಲ್ಸ್‌ಟನ್ನಿನಲ್ಲಿ ಆತ ನಿಂತ ಜಾಗ ಆ ಗೆರೆಯ ಒಳಗೇ ಇತ್ತೆಂಬುದು ತಿಳಿಯುತ್ತದೆ. ಆದ್ದರಿಂದ ಕಥೆಯನ್ನು ಕೋರ್ಟಿನಿಂದಲ್ಲ, ಸಭೆಯಿಂದ ಶುರು ಮಾಡಬೇಕು.

ವ್ಯಾಂಡೇಲಿಯಾದ ಶಾಸಕ

ಲಿಂಕನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು, ಗುಲಾಮಗಿರಿ ಕಾನೂನುಬದ್ಧವಾಗಿದ್ದ ಕೆಂಟಕಿಯಲ್ಲಿ. ಏಳು ವರ್ಷದವನಿದ್ದಾಗ ಮನೆಯವರು ಇಂಡಿಯಾನಕ್ಕೆ, 1830ರಲ್ಲಿ ಇಲಿನಾಯ್‌ಗೆ ವಲಸೆ ಹೋದರು. ಇಲಿನಾಯ್ ಆಗಷ್ಟೇ ಒಕ್ಕಲೇರುತ್ತಿದ್ದ ಗಡಿಸೀಮೆ. ನ್ಯೂ ಸೇಲಮ್ ಎಂಬ ಹಳ್ಳಿಯಲ್ಲಿ ಅಂಗಡಿ ಇಟ್ಟು ಸಾಲ ಮಾಡಿಕೊಂಡು, ಅಂಚೆ ಹಂಚಿ, ಸರ್ವೇ ಸರಪಳಿ ಹಿಡಿದು ಕಾಲ ಹಾಕಿದ ಈ ಎತ್ತರದ ಯುವಕ 1832ರಲ್ಲಿ ಶಾಸನಸಭೆಗೆ ನಿಂತು ಸೋತ, 1834ರಲ್ಲಿ ಗೆದ್ದ. ರಾಜಧಾನಿ ವ್ಯಾಂಡೇಲಿಯಾಗೆ ಹೋಗುವಾಗ ಮೈಮೇಲೆ ನೆಟ್ಟಗಿನ ಬಟ್ಟೆ ಇರಲೆಂದು ಪರಿಚಯದ ರೈತನೊಬ್ಬನಿಂದ 200 ಡಾಲರ್ ಕೈಗಡ ತಂದನಂತೆ. ಆಮೇಲೆ 1836, 1838, 1840ರಲ್ಲಿ ಮತ್ತೆ ಆಯ್ಕೆಯಾದ. ಸಹಶಾಸಕನೂ ವಕೀಲನೂ ಆಗಿದ್ದ ಜಾನ್ ಟಾಡ್ ಸ್ಟುವರ್ಟ್ ಕೊಟ್ಟ ಕಾನೂನು ಪುಸ್ತಕಗಳನ್ನು ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ಓದಿಕೊಂಡು 1836ರಲ್ಲಿ ವಕೀಲಿ ಸನ್ನದು ಪಡೆದ; 1837ರ ಏಪ್ರಿಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಬಂದು ಸ್ಟುವರ್ಟನ ಪಾಲುದಾರನಾದ. ಶಾಸಕತನ ಮತ್ತು ವಕೀಲಿ ಎರಡನ್ನೂ ಆತ ಒಂದೇ ಬಾಗಿಲಿನಿಂದ ಹೊಕ್ಕವನು.

ಆ ಅವಧಿಯ ಶಾಸಕ ಲಿಂಕನ್ ಅಂದರೆ ಇತಿಹಾಸದ ಪುಸ್ತಕಗಳಿಗೆ ಮುಖ್ಯವಾಗಿ ನೆನಪಾಗುವುದು ರಾಜಧಾನಿಯನ್ನು ವ್ಯಾಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡಿಗೆ ಎಳೆದು ತಂದ ಚಾಲಾಕಿ, ಮತ್ತು ರೈಲುದಾರಿ ಕಾಲುವೆಗಳಿಗೆಂದು ಸುಮಾರು ಒಂದು ಕೋಟಿ ಡಾಲರ್ ಖರ್ಚಿಗೆ ಒಪ್ಪಿಗೆ ಕೊಟ್ಟು ರಾಜ್ಯವನ್ನು ಸಾಲದಲ್ಲಿ ಮುಳುಗಿಸಿದ 1837ರ ಮಸೂದೆ. ನಮ್ಮ ಪ್ರಕರಣಕ್ಕೆ ಬೇಕಾದದ್ದು ಅದೇ ವರ್ಷದ ಮತ್ತೊಂದು, ಹೆಚ್ಚು ಸದ್ದು ಮಾಡದ ಕಾಗದ. ಗುಲಾಮಗಿರಿಯ ನಿರ್ಮೂಲನವಾದಿಗಳನ್ನು ಖಂಡಿಸಬೇಕೆಂದು ದಕ್ಷಿಣದ ರಾಜ್ಯಗಳು ಉತ್ತರದವರಿಗೆ ಬರೆದುಕೊಂಡಿದ್ದವು. ಇಲಿನಾಯ್ ಸಭೆ ಜನವರಿಯಲ್ಲಿ ಅಂಥ ಖಂಡನಾ ನಿರ್ಣಯವನ್ನು 77 ಮತಗಳಿಂದ ಒಪ್ಪಿತು. ವಿರುದ್ಧ ಬಿದ್ದದ್ದು 6 ಮತ. ಅದರಲ್ಲಿ ಒಂದು ಲಿಂಕನ್‌ನದು. ಆರು ವಾರಗಳ ಮೇಲೆ, ಮಾರ್ಚ್ 3ರಂದು, ಡ್ಯಾನ್ ಸ್ಟೋನ್ ಎಂಬ ಇನ್ನೊಬ್ಬ ಶಾಸಕನ ಜೊತೆ ಸೇರಿ ಆತ ಸಭೆಯ ನಡಾವಳಿಯಲ್ಲಿ ಒಂದು ಪ್ರತಿಭಟನಾ ಪತ್ರವನ್ನು ದಾಖಲಿಸಿದ.

ಆ ಪತ್ರದ ಒಕ್ಕಣೆ ಬಹಳ ಚಿಕ್ಕದು, ಆದರೆ ಎರಡು ಕಡೆಯೂ ಅಲಗುಳ್ಳದ್ದು. ಗುಲಾಮಗಿರಿಯ ಪದ್ಧತಿ ಅನ್ಯಾಯದ ಮೇಲೂ ಕೆಟ್ಟ ನೀತಿಯ ಮೇಲೂ ನಿಂತಿದೆ ಎಂದು ಮೊದಲು ಹೇಳುತ್ತದೆ. ಮರುಕ್ಷಣವೇ, ನಿರ್ಮೂಲನವಾದದ ಪ್ರಚಾರ ಆ ಕೇಡನ್ನು ತಗ್ಗಿಸುವುದಕ್ಕಿಂತ ಹೆಚ್ಚಿಸುತ್ತದೆ ಎನ್ನುತ್ತದೆ. ರಾಜ್ಯಗಳೊಳಗಿನ ಗುಲಾಮಗಿರಿಗೆ ಕೈಹಾಕಲು ಸಂವಿಧಾನದ ಪ್ರಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅಧಿಕಾರವಿಲ್ಲ. ದೇಶದ ರಾಜಧಾನಿ ವಾಷಿಂಗ್ಟನ್ ಪ್ರದೇಶದಲ್ಲಿ ಅಧಿಕಾರ ಉಂಟು, ಆದರೆ ಅಲ್ಲಿನ ಜನ ಕೇಳಿದ ಹೊರತು ಚಲಾಯಿಸಬಾರದು. ಇಪ್ಪತ್ತೆಂಟರ ಹರೆಯದ, ಮುಂದೆ ಚುನಾವಣೆಗಳನ್ನು ಎದುರಿಸಬೇಕಿದ್ದ ಶಾಸಕನೊಬ್ಬ ಕೆಂಟಕಿ, ಟೆನೆಸಿಗಳಿಂದ ಬಂದ ಮತದಾರರ ನಡುವೆ ಇಷ್ಟು ಬರೆದದ್ದು ಧೈರ್ಯವೇ. ಆದರೆ ಏನು ಬರೆದನೆಂಬುದನ್ನೂ ಗಮನಿಸಬೇಕು. ಪದ್ಧತಿ ಅನ್ಯಾಯ, ಆದರೂ ಕಾನೂನು ಅದಕ್ಕೆ ಹಾಕಿಕೊಟ್ಟ ಬೇಲಿಯನ್ನು ದಾಟಿ ಹೋಗುವುದಿಲ್ಲ ಎಂಬ ಎರಡು ಮಾತುಗಳನ್ನೂ ಆತ ಸಮಾನ ಗಟ್ಟಿಯಾಗಿ ಹೇಳಿದ್ದ.

ಸ್ವತಂತ್ರ ರಾಜ್ಯದೊಳಗಿನ ಅತಂತ್ರ

ಇಲಿನಾಯ್ ಹೆಸರಿಗೆ ಸ್ವತಂತ್ರ ರಾಜ್ಯ, ಅಂದರೆ ಗುಲಾಮಗಿರಿ ಇಲ್ಲದ ರಾಜ್ಯ. ಒಹಾಯೊ ನದಿಯ ವಾಯವ್ಯಕ್ಕಿರುವ ಪ್ರಾಂತದಲ್ಲಿ ಗುಲಾಮಗಿರಿ ಇರತಕ್ಕದ್ದಲ್ಲವೆಂದು 1787ರ ಶಾಸನ ಹೇಳಿತ್ತು. 1818ರ ರಾಜ್ಯ ಸಂವಿಧಾನವೂ ಇನ್ನು ಮುಂದೆ ಗುಲಾಮಗಿರಿಯನ್ನು ತರಕೂಡದೆಂದಿತು. ಆದರೆ ಅದೇ ಸಂವಿಧಾನ ಕರಾರಿನ ಜೀತಕ್ಕೆ ಬಾಗಿಲು ತೆರೆದಿಟ್ಟಿತ್ತು. 1824ರಲ್ಲಿ ಗುಲಾಮಗಿರಿಯನ್ನೇ ಕಾನೂನುಬದ್ಧಗೊಳಿಸುವ ಉದ್ದೇಶದ ಹೊಸ ಸಂವಿಧಾನ ಸಮಾವೇಶವನ್ನು ಕರೆಯಬೇಕೆ ಎಂದು ಜನಮತ ಕೇಳಿದಾಗ ಬೇಡವೆಂದವರು 6,640, ಬೇಕೆಂದವರು 4,972. ಬೇಡವೆನ್ನುವವರ ಮುಂದಾಳು ಗವರ್ನರ್ ಎಡ್ವರ್ಡ್ ಕೋಲ್ಸ್. ವರ್ಜೀನಿಯಾದಿಂದ ಬರುವಾಗ ಒಹಾಯೊ ನದಿಯ ಮೇಲೆ ದೋಣಿಯಲ್ಲೇ ತನ್ನ ಗುಲಾಮರನ್ನು ಬಿಡುಗಡೆ ಮಾಡಿದವನು. ಚಾರ್ಲ್ಸ್‌ಟನ್ ಇರುವ ಕೋಲ್ಸ್ ಕೌಂಟಿಗೆ ಆತನದೇ ಹೆಸರು. ಮ್ಯಾಟ್ಸನ್ ತನ್ನ ಗುಲಾಮರಿಂದ ಉತ್ತು ಬಿತ್ತಿಸಿದ್ದು ಆ ಹೆಸರಿನ ಕೌಂಟಿಯಲ್ಲೇ.

ಅದಕ್ಕಿಂತ ಬಿಗಿಯಾದದ್ದು ಕರಿಯರ ಕಾಯಿದೆಗಳೆಂದೇ ಹೆಸರಾದ ಶಾಸನಗಳ ಕಟ್ಟು. ಕಪ್ಪು ಬಣ್ಣದವರು ಸ್ವತಂತ್ರರೆಂಬುದಕ್ಕೆ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. 1829ರ ಕಾಯಿದೆಯ ಪ್ರಕಾರ ಹೊಸದಾಗಿ ಬಂದವರು ಸಾವಿರ ಡಾಲರಿನ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಕೈಯಲ್ಲಿ ಕಾಗದವಿಲ್ಲದವರನ್ನು ಓಡಿಬಂದ ಗುಲಾಮರೆಂದು ಭಾವಿಸಿ ಹಿಡಿದು, ಪತ್ರಿಕೆಯಲ್ಲಿ ಸಾರಿ, ಯಾರೂ ಕೇಳಿಕೊಂಡು ಬರದಿದ್ದರೆ ಷೆರಿಫ್ ಕೂಲಿಗೆ ಹಚ್ಚಬಹುದಿತ್ತು. ಅಂದರೆ ರಾಜ್ಯ ಸ್ವತಂತ್ರ, ಆದರೆ ಅದರೊಳಗಿನ ಕಪ್ಪು ಮನುಷ್ಯ ತಾನು ಸ್ವತಂತ್ರನೆಂದು ತಾನೇ ರುಜುವಾತು ಮಾಡಬೇಕು.

ಈ ರುಜುವಾತಿನ ಭಾರವನ್ನು ತಿರುಗಿಸಿ ಹಾಕಿದ ಮೊಕದ್ದಮೆಯೊಂದರಲ್ಲಿ ವಕೀಲನಾಗಿ ನಿಂತಿದ್ದವನೂ ಲಿಂಕನ್ನೇ ಎಂಬುದು ಇಲ್ಲಿಯ ಸ್ವಾರಸ್ಯ. ಪೆಕಿನ್ ಊರಿನ ನಾನ್ಸ್ ಎಂಬ ಕಪ್ಪು ಹೆಂಗಸಿನ ಚಾಕರಿಯನ್ನು ನೇಥನ್ ಕ್ರಾಮ್‌ವೆಲ್ ಎಂಬವನು ಡೇವಿಡ್ ಬೇಲಿ ಎಂಬವನಿಗೆ ಮಾರಿ, ಹಣ ಕೊಡುತ್ತೇನೆಂಬ ಪ್ರಾಮಿಸರಿ ನೋಟು ಬರೆಸಿಕೊಂಡಿದ್ದ. ಆಕೆ ತನಗೆ ಸೇರಿದವಳೆಂಬ ದಾಖಲೆಯನ್ನು ಆಮೇಲೆ ಕೊಡುತ್ತೇನೆಂದವನು ಕೊಡದೆಯೇ ಸತ್ತ. ವಾರಸುದಾರರು ನೋಟಿನ ಹಣಕ್ಕೆ ದಾವೆ ಹೂಡಿದರು, ಕೆಳಗಿನ ಕೋರ್ಟಿನಲ್ಲಿ ಗೆದ್ದರು. ಡೇವಿಡ್ ಬೇಲಿಯ ಪರವಾಗಿ ಲಿಂಕನ್ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದ. ಮೇಲ್ನೋಟಕ್ಕೆ ಅದು ನಾನೂರು ಡಾಲರಿನ ಒಳಗಿನ ಸಾಲದ ತಗಾದೆ. ಆತ ಮುಂದಿಟ್ಟ ವಾದ ಮಾತ್ರ ಅದಕ್ಕಿಂತ ದೊಡ್ಡದು: 1787ರ ಶಾಸನ ಮತ್ತು ರಾಜ್ಯದ ಸಂವಿಧಾನಗಳಡಿ ಈ ನೆಲದಲ್ಲಿ ಇರುವವರು ಸ್ವತಂತ್ರರೆಂದೇ ತಿಳಿಯಬೇಕು, ಸ್ವತಂತ್ರ ವ್ಯಕ್ತಿಯ ಮಾರಾಟ ಕಾನೂನುಬಾಹಿರ, ಆದ್ದರಿಂದ ನೋಟಿಗೆ ಬೆಲೆಯಿಲ್ಲ. 1841ರ ಜುಲೈಯಲ್ಲಿ ನ್ಯಾಯಮೂರ್ತಿ ಸಿಡ್ನಿ ಬ್ರೀಸ್ ಅದನ್ನು ಎತ್ತಿಹಿಡಿದ. ಬಣ್ಣ ಯಾವುದೇ ಇರಲಿ, ಪ್ರತಿಯೊಬ್ಬರೂ ಸ್ವತಂತ್ರರೆಂಬುದೇ ಕಾನೂನಿನ ಊಹೆ ಎಂದು ಬರೆದ. ನಾನ್ಸ್ ಅದಕ್ಕೂ ಮೊದಲು ತನ್ನ ಬಿಡುಗಡೆಗೆ ತಾನೇ ಕೋರ್ಟು ಹತ್ತಿ, 1828ರಲ್ಲಿ ಇದೇ ಸುಪ್ರೀಂ ಕೋರ್ಟಿನಲ್ಲಿ ಸೋತಿದ್ದಳು. ಹೀಗಾಗಿ 1841ರ ಗೆಲುವಿನಲ್ಲಿ ಹೆಚ್ಚಿನ ಪಾಲು ಆಕೆಗೇ ಸಲ್ಲಬೇಕು. ಲಿಂಕನ್ನನ ಕಕ್ಷಿದಾರ ಆಕೆಯಲ್ಲ, ಆಕೆಯನ್ನು ಕೊಂಡವನು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಹಾಯೊ ನದಿಯ ಹಬೆದೋಣಿಯೊಂದರಲ್ಲಿ ಹನ್ನೆರಡು ಜನ ಗುಲಾಮರನ್ನು ಆರಾರು ಜನರಂತೆ ಸರಪಳಿಗೆ, ಗಾಳದ ಹಗ್ಗಕ್ಕೆ ಸಿಕ್ಕ ಮೀನುಗಳ ಹಾಗೆ ಸಾಲಾಗಿ ಬಿಗಿದಿದ್ದುದನ್ನು ಕಂಡು ಲಿಂಕನ್ ಸ್ನೇಹಿತನ ಅಕ್ಕನಿಗೆ ಕಾಗದ ಬರೆದ. ಅಂಥ ಸ್ಥಿತಿಯಲ್ಲೂ ಅವರು ನಗುನಗುತ್ತ ಇದ್ದರೆಂಬ ಅಚ್ಚರಿಯೇ ಆ ಕಾಗದದ ಮುಖ್ಯ ಭಾವ. ಆ ನೋಟ ತನ್ನನ್ನು ಸದಾ ಹಿಂಸಿಸುತ್ತಿತ್ತೆಂದು ಹೇಳಲು ಆತ 1855ರವರೆಗೆ ಕಾಯಬೇಕಾಯಿತು.

ಬ್ಲ್ಯಾಕ್ ಗ್ರೋವ್‌ನಿಂದ ಸೆರೆಮನೆಗೆ

ಮ್ಯಾಟ್ಸನ್ ಕೋಲ್ಸ್ ಕೌಂಟಿಯಲ್ಲಿ ಬ್ಲ್ಯಾಕ್ ಗ್ರೋವ್ ಎಂಬ ಜಮೀನು ಮಾಡಿದ್ದ. ಆತನ ಲೆಕ್ಕಾಚಾರ ಸರಳವಾಗಿತ್ತು. ಪ್ರತಿ ವರ್ಷ ಬಿತ್ತನೆಯ ಹೊತ್ತಿಗೆ ಕೆಂಟಕಿಯಿಂದ ಒಂದಷ್ಟು ಗುಲಾಮರನ್ನು ಕರೆತರುವುದು, ಸುಗ್ಗಿ ಮುಗಿದೊಡನೆ ಅವರನ್ನು ವಾಪಸು ಕಳಿಸಿ ಮರುವರ್ಷ ಬೇರೆಯವರನ್ನು ತರುವುದು. ಯಾರೂ ಇಲಿನಾಯ್‌ನಲ್ಲಿ ನೆಲೆಸಿದರೆಂದು ಆಗಬಾರದು. ಗುಲಾಮರೊಡನೆ ರಾಜ್ಯವನ್ನು ಹಾದುಹೋಗುವ ಒಡೆಯನ ಹಕ್ಕನ್ನು ಇಲಿನಾಯ್ ಸುಪ್ರೀಂ ಕೋರ್ಟು 1843ರಲ್ಲಿ ಒಪ್ಪಿಕೊಂಡಿತ್ತು. ಹಾದುಹೋಗುವುದನ್ನೇ ವರ್ಷದ ಬೇಸಾಯವನ್ನಾಗಿ ಹಿಗ್ಗಿಸಿದ್ದು ಮ್ಯಾಟ್ಸನ್ನನ ಜಾಣತನ.

ಈ ಏರ್ಪಾಡಿನಲ್ಲಿ ಒಬ್ಬನು ಮಾತ್ರ ಖಾಯಂ ಆಗಿ ಉಳಿದಿದ್ದ: ಮೇಸ್ತ್ರಿ ಆಂಟನಿ ಬ್ರಯಂಟ್. ವರ್ಷಗಟ್ಟಲೆ ಇಲಿನಾಯ್‌ನಲ್ಲೇ ಇದ್ದುದರಿಂದ ಆತ ಸ್ವತಂತ್ರನೆಂದೇ ಎಲ್ಲರೂ ತಿಳಿದಿದ್ದರು. ಅಕ್ಷರ ಕೂಡಿಸಿ ಬೈಬಲ್ ಓದಬಲ್ಲವನಾಗಿದ್ದ. 1845ರಲ್ಲಿ ಅವನ ಹೆಂಡತಿ ಜೇನ್ ಮತ್ತು ನಾಲ್ವರು ಮಕ್ಕಳನ್ನು ಕರೆತಂದ ಮ್ಯಾಟ್ಸನ್, ಉಳಿದವರಂತೆ ಅವರನ್ನು ಸುಗ್ಗಿಯ ನಂತರ ಹಿಂದಕ್ಕೆ ಕಳಿಸಲಿಲ್ಲ. ಎರಡು ವರ್ಷ ಕಳೆಯಿತು. 1847ರಲ್ಲಿ ಮ್ಯಾಟ್ಸನ್ನನ ಮನೆ ನಡೆಸುತ್ತಿದ್ದ ಮೇರಿ ಕಾರ್ಬಿನ್ ಎಂಬ ಹೆಂಗಸಿಗೂ ಜೇನ್‌ಗೂ ಜಗಳ ಹತ್ತಿ, ನಿನ್ನನ್ನು ಮಕ್ಕಳ ಸಮೇತ ಕೆಂಟಕಿಗೆ ಅಟ್ಟಿ ದಕ್ಷಿಣದ ಹತ್ತಿ ಹೊಲಗಳಿಗೆ ಮಾರಿಸುತ್ತೇನೆಂಬ ಬೆದರಿಕೆ ಬಂತು.

ಅದು ಬರೀ ಬಾಯಿಮಾತಲ್ಲವೆಂದು ಅರಿತ ಆಂಟನಿ ರಾತ್ರೋರಾತ್ರಿ ಹತ್ತಿರದ ಊರಿಗೆ, ಇಂದು ಓಕ್‌ಲೆಂಡ್ ಎನ್ನುವ ಹಳ್ಳಿಗೆ, ಹೆಂಡತಿಮಕ್ಕಳನ್ನು ಕರೆದೊಯ್ದ. ಅಲ್ಲಿ ಛತ್ರ ನಡೆಸುತ್ತಿದ್ದ ಗಿಡಿಯನ್ ಆಶ್‌ಮೋರ್, ಎಳೆಯ ವೈದ್ಯ ಹೈರಮ್ ರುದರ್‌ಫರ್ಡ್ ಇಬ್ಬರೂ ಗುಲಾಮಗಿರಿಯ ವಿರೋಧಿಗಳು. ಅವರು ಆಶ್ರಯ ಕೊಟ್ಟರು. ಮ್ಯಾಟ್ಸನ್ ಅಷರ್ ಲಿಂಡರ್ ಎಂಬ ವಕೀಲನನ್ನು ಹಿಡಿದು ಸ್ಥಳೀಯ ಮ್ಯಾಜಿಸ್ಟ್ರೇಟನ ಮುಂದೆ ಹೋದ. ಇವರು ಗುಲಾಮರೋ ಅಲ್ಲವೋ ಎಂದು ತೀರ್ಮಾನಿಸುವುದು ತನ್ನ ಅಧಿಕಾರಕ್ಕೆ ಹೊರಗಿನದೆಂದ ಮ್ಯಾಜಿಸ್ಟ್ರೇಟ್, ಆದರೆ ಕೈಯಲ್ಲಿ ಸ್ವಾತಂತ್ರ್ಯದ ಕಾಗದವಿಲ್ಲವಾದ್ದರಿಂದ ಕರಿಯರ ಕಾಯಿದೆಯಂತೆ ಅವರನ್ನು ಷೆರಿಫನ ವಶಕ್ಕೆ ಒಪ್ಪಿಸಿದ. ತಾಯಿ ಮತ್ತು ನಾಲ್ವರು ಮಕ್ಕಳು ಚಾರ್ಲ್ಸ್‌ಟನ್ನಿನ ಸೆರೆಮನೆಯಲ್ಲಿ 48 ದಿನ ಇದ್ದರು. ಅಪರಾಧವೇನೆಂದು ಯಾರೂ ಹೇಳಲಿಲ್ಲ, ಏಕೆಂದರೆ ಆರೋಪವೇ ಇರಲಿಲ್ಲ.

ಮ್ಯಾಟ್ಸನ್ ಅಷ್ಟಕ್ಕೆ ನಿಲ್ಲಲಿಲ್ಲ. ತನ್ನ ಸೊತ್ತಿಗೆ ಆಶ್ರಯ ಕೊಟ್ಟರೆಂದು ರುದರ್‌ಫರ್ಡ್ ಮತ್ತು ಆಶ್‌ಮೋರ್ ಮೇಲೆ ತಲೆಗೆ 500 ಡಾಲರಿನಂತೆ ಐದು ತಲೆಗೆ 2,500 ಡಾಲರಿನ ದಾವೆ ಹೂಡಿದ. ಆಶ್‌ಮೋರ್ ಸೆರೆಯಲ್ಲಿದ್ದವರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮ ಬಂಧನದಿಂದ ಬಿಡಿಸಬೇಕೆಂಬ ಅರ್ಜಿ, ಹಾಕಿಸಿದ.

ವಕಾಲತ್ತಿಗೆ ಮೊದಲು

ಇಲ್ಲಿಯ ದೃಶ್ಯವೊಂದನ್ನು ರುದರ್‌ಫರ್ಡ್ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾನೆ. ದಾವೆಯ ನೋಟೀಸು ಬಂದದ್ದೇ ತಡ, ಗುಲಾಮಗಿರಿಯ ಬಗ್ಗೆ ತನ್ನದೇ ಅಭಿಪ್ರಾಯದವನೆಂದು ತಿಳಿದಿದ್ದ ಲಿಂಕನ್ನನನ್ನು ಹುಡುಕಿಕೊಂಡು ಆತ ಚಾರ್ಲ್ಸ್‌ಟನ್ನಿಗೆ ಬಂದ. ಲಿಂಕನ್ ಛತ್ರದ ಜಗಲಿಯಲ್ಲಿ ಕುರ್ಚಿಯನ್ನು ಹಿಂದಕ್ಕೆ ಒರಗಿಸಿ, ಕಂಬಕ್ಕೆ ಆನಿಸಿ, ಸುತ್ತ ಕೂತವರಿಗೆ ಯಾವುದೋ ತಮಾಷೆಯ ಕಥೆ ಹೇಳುತ್ತಿದ್ದ. ಕಥೆ ಮುಗಿದ ಮೇಲೆ ವೈದ್ಯ ಅವನನ್ನು ಪಕ್ಕಕ್ಕೆ ಕರೆದು ಸಂಗತಿ ಹೇಳಿದ. ಕೇಳುತ್ತ ಕೇಳುತ್ತ ಲಿಂಕನ್ನನ ಮುಖ ಬಾಡಿತು. ಎಲ್ಲೋ ದೂರ ನೋಡುತ್ತ ಒಂದೆರಡು ಸಲ ತಲೆಯಾಡಿಸಿದ. ಕೊನೆಗೆ, ಮ್ಯಾಟ್ಸನ್ ಕಡೆಯವರು ಆಗಲೇ ತನ್ನನ್ನು ಕೇಳಿಕೊಂಡಿದ್ದಾರೆ, ಆ ಹಂಗು ಕಳಚದೆ ನಿನ್ನ ಕಡೆ ಬರಲಾಗದು ಎಂದ. ಕೆಲವು ಹೊತ್ತಿನ ಮೇಲೆ, ಹಂಗಿನಿಂದ ಬಿಡಿಸಿಕೊಳ್ಳುವ ದಾರಿ ಉಂಟು, ಬೇಕಿದ್ದರೆ ಬರುತ್ತೇನೆ ಎಂದು ಹೇಳಿಕಳಿಸಿದನಂತೆ. ಅಷ್ಟರಲ್ಲಿ ಬಿಗುಮಾನಕ್ಕೆ ಬಿದ್ದಿದ್ದ ರುದರ್‌ಫರ್ಡ್ ಚಾರ್ಲ್ಸ್ ಕಾನ್‌ಸ್ಟಬಲ್ ಎಂಬ ವಕೀಲನನ್ನು ಗೊತ್ತುಮಾಡಿಬಿಟ್ಟಿದ್ದ.

ಇದು ಅರ್ಧ ಶತಮಾನದ ಸನಿಹದ ನೆನಪು, ಆ ವೇಳೆಗೆ ಲಿಂಕನ್ ಹುತಾತ್ಮನಾಗಿದ್ದ. ನೆನಪಿನ ಮೇಲೆ ಅದರ ನೆರಳು ಬಿದ್ದಿರದೆ ಇರದು. ಆದರೂ ಇದರಲ್ಲಿ ನಂಬಬಹುದಾದ ಭಾಗವೆಂದರೆ ವೃತ್ತಿಯ ವಿವರ. ಮೊದಲು ಬಂದವನಿಗೆ ಬಾಧ್ಯ ಎಂಬ ಮಾತು ಅಂದಿನ ವಕೀಲನ ಸಹಜ ಉತ್ತರ. ನಮ್ಮ ದೇಶದ ವಕೀಲರ ಪರಿಷತ್ತಿನ ನಿಯಮಗಳಲ್ಲಿ, ವಿಶೇಷ ಕಾರಣವಿಲ್ಲದೆ ಬಂದ ಮೊಕದ್ದಮೆಯನ್ನು ನಿರಾಕರಿಸಬಾರದೆಂಬ ಇಂಗ್ಲೆಂಡಿನ ಸಂಪ್ರದಾಯ ಇಂದಿಗೂ ಉಳಿದಿದೆ. ಅಮೆರಿಕದ ವಕೀಲನಿಗೆ ಅಂಥ ಕಟ್ಟುಪಾಡು ಇರಲಿಲ್ಲ. ಒಲ್ಲೆನೆನ್ನಲು ಲಿಂಕನ್ ಸ್ವತಂತ್ರನಿದ್ದ. ಬಾರ್ ರೂಮಿನ ಸಮರ್ಥನೆ ಸೋಲುವುದು ಇಲ್ಲಿಯೇ.

ಆತ ಕೋಲ್ಸ್ ಕೌಂಟಿಗೆ ಹೊಸಬನೂ ಅಲ್ಲ. ಅಪ್ಪ ಥಾಮಸ್ ಲಿಂಕನ್ ಮತ್ತು ಮಲತಾಯಿ ಸಾರಾ ಚಾರ್ಲ್ಸ್‌ಟನ್ನಿನ ಹತ್ತಿರ ಗೂಸ್‌ನೆಸ್ಟ್ ಪ್ರೇರಿಯಲ್ಲಿದ್ದರು. 1841ರಲ್ಲಿ ಅಪ್ಪನ 40 ಎಕರೆಯನ್ನು 200 ಡಾಲರಿಗೆ ಕೊಂಡು, ಅವರಿಬ್ಬರೂ ಬದುಕಿರುವಷ್ಟು ದಿನ ಅನುಭವಿಸಲೆಂದು ಬಿಟ್ಟುಕೊಟ್ಟಿದ್ದ. ಈ ಮೊಕದ್ದಮೆಯಲ್ಲಿ ಜೊತೆ ವಕೀಲನಾದ ಲಿಂಡರ್ ಕೂಡ ಹಳೆಯ ಗುರುತು. ಇಬ್ಬರೂ 1809ರಲ್ಲಿ ಕೆಂಟಕಿಯ ಒಂದೇ ಹಾರ್ಡಿನ್ ಕೌಂಟಿಯಲ್ಲಿ ಹುಟ್ಟಿದವರು, ವ್ಯಾಂಡೇಲಿಯಾದ ಸಭೆಯಲ್ಲಿ ಎದುರುಬದುರು ನಿಂತು ಮಾತಾಡಿದವರು. 1837ರಲ್ಲಿ ಆಲ್ಟನ್ ಊರಿನಲ್ಲಿ ನಿರ್ಮೂಲನವಾದಿ ಪತ್ರಿಕಾ ಸಂಪಾದಕ ಎಲೈಜಾ ಲವ್‌ಜಾಯ್‌ನನ್ನು ಗುಂಪೊಂದು ಕೊಂದಾಗ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವನು ಈ ಲಿಂಡರ್. ಅವನ ಒಲವು ಗುಂಪಿನ ಕಡೆಗಿತ್ತು. ಲಿಂಕನ್ ಅಂಥವನ ಪಕ್ಕ ಕುಳಿತ.

ವಿಚಾರಣೆ

ಸಣ್ಣ ಊರಿನ ಕೋರ್ಟಿನಲ್ಲಿ ಅಂದು ಕುಳಿತಿದ್ದವರು ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ವಿಲಿಯಂ ವಿಲ್ಸನ್ ಮತ್ತು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಟ್ರೀಟ್. ಅದಕ್ಕೂ ಶಾಸಕ ಲಿಂಕನ್ನನಿಗೂ ಒಂದು ನಂಟುಂಟು. 1841ರಲ್ಲಿ ಡೆಮಾಕ್ರಟಿಕ್ ಪಕ್ಷದ ಬಹುಮತದ ಸಭೆ ಸರ್ಕ್ಯೂಟ್ ನ್ಯಾಯಾಧೀಶರ ಹುದ್ದೆಗಳನ್ನೇ ರದ್ದುಪಡಿಸಿ, ಸುಪ್ರೀಂ ಕೋರ್ಟಿಗೆ ಹೊಸಬರನ್ನು ತುಂಬಿ, ಅವರೇ ಊರೂರು ಸುತ್ತಿ ವಿಚಾರಣೆ ನಡೆಸಬೇಕೆಂದು ಮಾಡಿತ್ತು. ವಿಗ್ ಪಕ್ಷದ ಲಿಂಕನ್ ಅದನ್ನು ನ್ಯಾಯಾಂಗದ ಮೇಲಿನ ದಾಳಿಯೆಂದು ವಿರೋಧಿಸಿ ಸೋತಿದ್ದ. ತಾನು ಬೇಡವೆಂದ ಏರ್ಪಾಡಿನಡಿಯೇ ಆತ ಈಗ ವಾದಿಸಬೇಕಿತ್ತು.

ತಾಯಿಮಕ್ಕಳ ಕಡೆ ಕಾನ್‌ಸ್ಟಬಲ್ ಜೊತೆಗೆ ಆರ್ಲ್ಯಾಂಡೊ ಫಿಕ್ಲಿನ್ ನಿಂತ. ಆತ ಕೆಂಟಕಿಯಲ್ಲಿ ಹುಟ್ಟಿದವನು, ಡೆಮಾಕ್ರಟ್, ಆಗ ಕಾಂಗ್ರೆಸ್ ಸದಸ್ಯ. ನೆಲದ ಕಾನೂನೇ ಬಿಡುಗಡೆ ಕೊಡುತ್ತದೆ ಎಂಬುದು ಅವರ ವಾದ: 1787ರ ಶಾಸನ, ರಾಜ್ಯದ ಸಂವಿಧಾನ, ಅವುಗಳಡಿ ಬಂದ ತೀರ್ಪುಗಳು. ಲಿಂಕನ್ ತಾನೇ 1841ರಲ್ಲಿ ನೆಟ್ಟ ಗಿಡದ ಹಣ್ಣನ್ನು ಎದುರಾಳಿಗಳು ಕಿತ್ತುಕೊಳ್ಳುತ್ತಿದ್ದರು. ಕಾನ್‌ಸ್ಟಬಲ್ 1794ರ ಐರಿಷ್ ವಕೀಲ ಕರನ್ನನ ಪ್ರಸಿದ್ಧ ಭಾಷಣವನ್ನು, ಬ್ರಿಟನ್ನಿನ ನೆಲ ಮುಟ್ಟಿದ ಗುಲಾಮನ ಸಂಕೋಲೆ ತಾನಾಗಿ ಕಳಚುತ್ತದೆಂಬ ಆ ಭಾಗವನ್ನು, ಎತ್ತಿ ಹೇಳಿದಾಗ ಲಿಂಕನ್ ಮುಖ ಕಿವಿಚಿದಂತೆ ಕಂಡಿತೆಂದು ಫಿಕ್ಲಿನ್ ಬಹುಕಾಲದ ನಂತರ ಬರೆದಿದ್ದಾನೆ.

ಲಿಂಕನ್ನನ ವಾದ ಒಂದೇ ಮೊಳೆಗೆ ನೇತುಬಿದ್ದಿತ್ತು: ಒಡೆಯನ ಉದ್ದೇಶ. ಗುಲಾಮರನ್ನು ನೆಲೆಸಲೆಂದು ಇಲಿನಾಯ್‌ಗೆ ತಂದಿದ್ದರೆ ಅವರು ಸ್ವತಂತ್ರರೇ, ಅದರಲ್ಲಿ ಎರಡು ಮಾತಿಲ್ಲವೆಂದು ಆತ ಮೊದಲೇ ಒಪ್ಪಿಕೊಂಡ. ಆದರೆ ಮ್ಯಾಟ್ಸನ್ ತಂದದ್ದು ಹಂಗಾಮಿನ ಕೆಲಸಕ್ಕೆ. ತರುವಾಗಲೇ ಸಾಕ್ಷಿಯ ಮುಂದೆ, ಇವರು ಇಲ್ಲಿ ತಾತ್ಕಾಲಿಕವಾಗಿ ಇರುವವರೆಂದು ಬಾಯಿಬಿಟ್ಟು ಹೇಳಿದ್ದ. ಆದ್ದರಿಂದ ಅವರು ಹಾದುಹೋಗುವವರ ಸಾಲಿಗೆ ಸೇರಬೇಕು. ವಾದವನ್ನು ಹೀಗೆ ಕಟ್ಟಿದ್ದರಿಂದ ಎಲ್ಲವೂ ಒಂದೇ ಸಂಗತಿಯ ಮೇಲೆ ನಿಂತಿತು, ಆ ಸಂಗತಿ ಆತನ ವಿರುದ್ಧವೇ ಇತ್ತು. ಎರಡು ವರ್ಷ ಒಂದೇ ಗುಡಿಸಲಿನಲ್ಲಿದ್ದು, ಅದೇ ಜಮೀನಿನಲ್ಲಿ ದುಡಿದ ತಾಯಿಮಕ್ಕಳನ್ನು ಹಾದುಹೋಗುವವರೆಂದು ಯಾವ ನ್ಯಾಯಾಧೀಶನೂ ಸುಲಭವಾಗಿ ನಂಬುವುದಿಲ್ಲ.

ಬೇಕೆಂದೇ ಸೋತನೆಂಬ ಕಥೆ ಹುಟ್ಟಿದ್ದು ಈ ಒಪ್ಪಿಗೆಯಿಂದ. ನನಗೆ ಹಾಗನ್ನಿಸುವುದಿಲ್ಲ. ಲಿಂಕನ್ ವಕೀಲಿ ನಡೆಸಿದ 5 ಸಾವಿರಕ್ಕೂ ಹೆಚ್ಚು ಪ್ರಕರಣಗಳ ಕಾಗದಗಳು ಸಿಕ್ಕಿವೆ. ಕೈತಪ್ಪುವ ಅಂಶಗಳನ್ನೆಲ್ಲ ಎದುರಾಳಿಗೆ ಧಾರಾಳವಾಗಿ ಬಿಟ್ಟುಕೊಟ್ಟು, ಉಳಿಯಬಹುದಾದ ಒಂದೇ ಅಂಶವನ್ನು ಹಿಡಿದು ಕೂರುವುದು ಆತನ ಎಂದಿನ ವರಸೆಯೆಂದು ಜೊತೆಗಿದ್ದ ವಕೀಲರೆಲ್ಲ ಹೇಳುತ್ತಿದ್ದರು. ಮ್ಯಾಟ್ಸನ್ ಪರವಾಗಿ ಉಳಿಯಬಹುದಾದ ಅಂಶ ಉದ್ದೇಶವೊಂದೇ. ಅದನ್ನೇ ಹಿಡಿದ. ಸೋತದ್ದು ವಾದದ ಬಡತನದಿಂದಲ್ಲ, ಸಂಗತಿಗಳಿಂದ.

ನ್ಯಾಯಾಲಯ ಜೇನ್ ಬ್ರಯಂಟ್ ಮತ್ತು ಮಕ್ಕಳನ್ನು ಷೆರಿಫನ ವಶದಿಂದಲೂ ಮ್ಯಾಟ್ಸನ್ನನಿಂದಲೂ ಆತನ ಮೂಲಕ ಹಕ್ಕು ಕೇಳುವ ಎಲ್ಲರಿಂದಲೂ ಬಿಡಿಸಿ, ಅವರು ಇಂದಿನಿಂದ ಎಂದೆಂದಿಗೂ ಎಲ್ಲ ಬಗೆಯ ದಾಸ್ಯದಿಂದ ಮುಕ್ತರೆಂದು ಆದೇಶಿಸಿತು. ವೈದ್ಯನ ಮೇಲಿನ 2,500 ಡಾಲರಿನ ದಾವೆಗೆ ಆಮೇಲೆ ಬುಡವಿರಲಿಲ್ಲ. ಮ್ಯಾಟ್ಸನ್ ಫೀಸನ್ನೂ ಕೊಡದೆ ಊರು ಬಿಟ್ಟನೆಂದು ಹೇಳಿಕೆ. ಬ್ರಯಂಟ್ ಕುಟುಂಬ ಆಫ್ರಿಕದ ಲೈಬೀರಿಯಾಕ್ಕೆ ಹಡಗು ಹತ್ತಿತು; ಬಿಡುಗಡೆಯ ಆದೇಶ ಕೈಗೆ ಬಂದ ಮೇಲೂ ಆದೇಶ ಕೊಟ್ಟ ರಾಜ್ಯದಲ್ಲಿ ಬದುಕು ಕಟ್ಟುವುದು ಅಷ್ಟು ಕಠಿಣವಾಗಿತ್ತು.

ಬೇಲಿಯ ಒಳಗಿನ ಮನುಷ್ಯ

ವ್ಯಾಂಡೇಲಿಯಾದ ಪತ್ರವನ್ನು ಮತ್ತೆ ತೆಗೆದು ನೋಡಿದರೆ 1841 ಮತ್ತು 1847ರ ಎರಡು ಮೊಕದ್ದಮೆಗಳು ಒಂದಕ್ಕೊಂದು ವಿರುದ್ಧವಲ್ಲ. ನಾನ್ಸ್ ಪ್ರಕರಣದಲ್ಲಿ ಆಕೆ ಗುಲಾಮಳೆಂದು ತೋರಿಸುವ ಕಾಗದವೇ ಇರಲಿಲ್ಲ. ಕಾನೂನಿನ ಬೇಲಿ ಸ್ವಾತಂತ್ರ್ಯದ ಕಡೆಗಿತ್ತು. ಜೇನ್ ಕೆಂಟಕಿಯ ಕಾನೂನಿನಡಿ ಗುಲಾಮಳಾಗಿದ್ದಳೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ; ಒಂದು ರಾಜ್ಯದ ಹಕ್ಕು ಇನ್ನೊಂದು ರಾಜ್ಯದ ಗಡಿಯೊಳಗೆ ಎಷ್ಟು ದೂರ ನಡೆಯುತ್ತದೆ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಅನ್ಯಾಯವೆಂದು ತಾನೇ ಬರೆದ ಪದ್ಧತಿಗೆ ಕಾನೂನು ಕೊಟ್ಟ ರಕ್ಷಣೆಯನ್ನು ಸಲ್ಲಿಸಬೇಕು ಎಂದು 1837ರಲ್ಲಿ ನಂಬಿದವನಿಗೆ, ಆ ರಕ್ಷಣೆಯನ್ನು ಕೇಳಿ ಬಂದ ಕಕ್ಷಿದಾರನನ್ನು ಹೊರಗಟ್ಟಲು 1847ರಲ್ಲಿ ಕಾರಣ ತೋಚಲಿಲ್ಲ. ಆತನ ಲೆಕ್ಕದಲ್ಲಿ ಗುಲಾಮಗಿರಿ ಕೆಟ್ಟದ್ದು, ಆದರೆ ಅದು ಎದುರಿಗೆ ಬಂದು ನಿಂತಾಗ ಕಾಣುತ್ತಿದ್ದುದು ಹಕ್ಕುಪತ್ರವಾಗಿ. ಸೆರೆಮನೆಯಲ್ಲಿದ್ದ ತಾಯಿ ಮತ್ತು ನಾಲ್ವರು ಮಕ್ಕಳಾಗಿ ಕಂಡದ್ದು ಓದುಬರಹ ಅಷ್ಟಕ್ಕಷ್ಟೇ ಇದ್ದ ಛತ್ರದವನಿಗೆ. ತಪ್ಪನ್ನು ಇಷ್ಟು ನಿಖರವಾಗಿ ಹೇಳಿದರೆ ಸಾಕು. ಅದನ್ನು ಮುಚ್ಚುವುದೂ ಬೇಡ, ಆಷಾಢಭೂತಿತನವೆಂದು ಕರೆಯುವುದೂ ಬೇಡ.

ಬದಲಾವಣೆ ಬಂದದ್ದು ಬೇಲಿಯೇ ಸರಿದಾಗ. 1854ರ ಕ್ಯಾನ್ಸಸ್–ನೆಬ್ರಾಸ್ಕ ಕಾಯಿದೆ ಗುಲಾಮಗಿರಿಗೆ ಹೊಸ ಪ್ರಾಂತಗಳ ಬಾಗಿಲು ತೆರೆಯಿತು. 1857ರಲ್ಲಿ ದೇಶದ ಸುಪ್ರೀಂ ಕೋರ್ಟಿನ ಡ್ರೆಡ್ ಸ್ಕಾಟ್ ತೀರ್ಪು ಕಪ್ಪು ಜನ ಅಮೆರಿಕದ ನಾಗರಿಕರಾಗಲಾರರೆಂದಿತು. ಗುಲಾಮನನ್ನು ಒಡೆಯ ಸ್ವತಂತ್ರ ನೆಲದಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರೆ ಏನಾಗುತ್ತದೆ ಎಂಬ, ಮ್ಯಾಟ್ಸನ್ ಪರವಾಗಿ ತಾನು ವಾದಿಸಿದ ಪ್ರಶ್ನೆಯೇ ಆ ತೀರ್ಪಿನ ಹೊಟ್ಟೆಯಲ್ಲಿತ್ತು. 1858ರ ಜೂನಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ಭಾಷಣದಲ್ಲಿ ಲಿಂಕನ್, ಮಿಸೌರಿ ಸ್ವತಂತ್ರವಾಗಲಿದೆಯೆಂದು ಕನಸು ಕಾಣುತ್ತ ಮಲಗಿದ ನಾವು, ಸುಪ್ರೀಂ ಕೋರ್ಟು ಇಲಿನಾಯ್‌ಯನ್ನೇ ಗುಲಾಮ ರಾಜ್ಯ ಮಾಡಿರುವುದಕ್ಕೆ ಕಣ್ಣು ಬಿಡುತ್ತೇವೆ ಎಂದು ಎಚ್ಚರಿಸಿದ. ಹನ್ನೊಂದು ವರ್ಷಗಳ ಹಿಂದೆ ಆ ಕಡೆಗೆ ಒಂದು ಸಣ್ಣ ಕಿಂಡಿ ತೆರೆಯಬೇಕೆಂದು ನ್ಯಾಯಾಧೀಶರನ್ನು ಕೇಳಿಕೊಂಡವನೂ ಆತನೇ.

ಅಂದು ಬ್ರಯಂಟರ ಪರ ನಿಂತ ವಕೀಲರ ಮುಂದಿನ ದಾರಿಯೂ ವಿಚಿತ್ರ. ಕಾನ್‌ಸ್ಟಬಲ್ ನ್ಯಾಯಾಧೀಶನಾಗಿ, ಅಂತರ್ಯುದ್ಧದ ಕಾಲದಲ್ಲಿ ಲಿಂಕನ್ ಸರ್ಕಾರದ ವಿರೋಧಿಗಳ ಪಾಳೆಯಕ್ಕೆ ಸೇರಿ, ಸೈನ್ಯ ಬಿಟ್ಟು ಓಡಿಬಂದವರನ್ನು ಬಿಡುಗಡೆ ಮಾಡಿದನೆಂದು 1863ರಲ್ಲಿ ಬಂಧನಕ್ಕೊಳಗಾದ. ಫಿಕ್ಲಿನ್ ಕೊನೆಯವರೆಗೂ ಡೆಮಾಕ್ರಟನಾಗಿಯೇ ಉಳಿದ.

ಲಿಂಕನ್ ಮತ್ತು ಫಿಕ್ಲಿನ್ 1858ರ ಸೆಪ್ಟೆಂಬರ್ 18ರಂದು ಅದೇ ಚಾರ್ಲ್ಸ್‌ಟನ್ನಿನಲ್ಲಿ ಮತ್ತೆ ಎದುರಾದರು. ಸೆನೆಟ್ ಚುನಾವಣೆಗಾಗಿ ಸ್ಟೀಫನ್ ಡಗ್ಲಸ್ ಜೊತೆ ನಡೆದ ಏಳು ವಾಗ್ವಾದಗಳಲ್ಲಿ ಅದು ನಾಲ್ಕನೆಯದು. ಲಿಂಕನ್ ಮಾತು ಶುರು ಮಾಡಿದ್ದೇ, ಬಿಳಿಯರಿಗೂ ಕರಿಯರಿಗೂ ಸಾಮಾಜಿಕ ರಾಜಕೀಯ ಸಮಾನತೆ ತರುವ ಪರವಾಗಿ ತಾನಿಲ್ಲ, ಎಂದೂ ಇರಲಿಲ್ಲ ಎಂಬ ಮಾತಿನಿಂದ. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ, ಮೆಕ್ಸಿಕೊ ಯುದ್ಧದ ಕಾಲದಲ್ಲಿ ತಾನು ಸೈನಿಕರಿಗೆ ಸಾಮಗ್ರಿ ಒದಗಿಸುವುದರ ವಿರುದ್ಧ ಮತ ಹಾಕಿದನೆಂಬ ಆರೋಪವನ್ನು ಸುಳ್ಳೆಂದು ತೋರಿಸಲು, ಅಂದಿನ ಕಾಂಗ್ರೆಸ್ಸಿನ ಸಹಸದಸ್ಯನಾಗಿದ್ದ ಫಿಕ್ಲಿನ್ನನನ್ನು ವೇದಿಕೆಯ ಹಿಂದಿನಿಂದ ಕೈಹಿಡಿದು ಮುಂದಕ್ಕೆ ಎಳೆದು ತಂದು ಸಾವಿರಾರು ಜನರೆದುರು ಸಾಕ್ಷಿಯಾಗಿ ನಿಲ್ಲಿಸಿದ. ಇಬ್ಬರೂ ಯುದ್ಧದ ನಿರ್ಣಯಗಳ ಬಗ್ಗೆ, ಯಾರು ಯಾವುದಕ್ಕೆ ಮತ ಹಾಕಿದರೆಂಬುದರ ಬಗ್ಗೆ ಮಾತಾಡಿದರು. ಅದೇ ಊರಿನ ಸೆರೆಮನೆಯಲ್ಲಿ 48 ದಿನ ಕಳೆದ ಜೇನ್ ಬ್ರಯಂಟಳ ಹೆಸರು ಅಂದು ಯಾರ ಬಾಯಿಂದಲೂ ಬರಲಿಲ್ಲ.